ಕಾಲರ್ ಮೈಕ್ ಬಂದ್ ಮಾಡಿದ ಮಧ್ಯಾಹ್ನ

ಕೊರೊನಾ ಕಳೆದು ಜನ ಮತ್ತೆ ಗುಂಪುಗೂಡಲು ಶುರುಮಾಡಿದ್ದ ವರ್ಷ. ನಾನು ಟೆಲಿಫೋನ್ ಎಕ್ಸ್‌ಚೇಂಜಿನ ಟೆಕ್ನಿಷಿಯನ್ ಕೆಲಸದಿಂದ ನಿವೃತ್ತನಾಗಿ ಗೋಕಾಕದ ನಮ್ಮ ಸಣ್ಣ ಚರ್ಚಿನಲ್ಲಿ ಸೌಂಡ್ ನೋಡಿಕೊಳ್ಳುತ್ತಿದ್ದೆ. ಹಾಡಲು ನನಗೆ ಕಂಠವಿಲ್ಲ, ಪ್ರಸಂಗ, ಅಂದರೆ ಉಪದೇಶ, ಮಾಡುವಷ್ಟು ಓದಿಲ್ಲ. ವೈರು ಹಾಸುವುದು, ಕೊನೆಯ ಸಾಲಿನ ಮುದುಕಿಗೂ ದೇವರ ವಾಕ್ಯ ಕೇಳುವಂತೆ ಮಾಡುವುದು, ಇದೇ ನನ್ನ ಆರಾಧನೆ ಎಂದುಕೊಂಡಿದ್ದೆ. ಹುಕ್ಕೇರಿಯಲ್ಲಿ ನರ್ಸ್ ಆಗಿದ್ದ ರೂತ್ ಕ್ಯಾಮೆರಾ ನೋಡುತ್ತಿದ್ದಳು. ಅವಳೂ ಹಾಗೆಯೇ ತಿಳಿದಿದ್ದಳು.

ಆ ವರ್ಷ ಗೋಕಾಕ, ಮೂಡಲಗಿ, ಹುಕ್ಕೇರಿಯ ಚರ್ಚ್ ಸಭೆಗಳು ಕೂಡಿ ಮೂಡಲಗಿಯ ಕಲ್ಯಾಣ ಮಂಟಪವೊಂದರಲ್ಲಿ ಮೂರು ದಿನದ ಪ್ರಾರ್ಥನಾ ಕೂಟ ಇಟ್ಟಿದ್ದವು. ಅಲ್ಲೂ ಸೌಂಡ್ ನನ್ನದು, ಕ್ಯಾಮೆರಾ ರೂತ್‌ಳದು. ದೂರದಿಂದ ಒಬ್ಬ ಹೆಸರಾಂತ ಪ್ರಸಂಗಿ ಬಂದಿದ್ದರು. ಅವರ ಜೊತೆ ಒಬ್ಬ ಮ್ಯಾನೇಜರ್. ಕೂಟವನ್ನು ಇಂಟರ್ನೆಟ್ಟಿನಲ್ಲಿ ಲೈವ್ ತೋರಿಸುವುದು ಅವನ ಕೆಲಸ. ಮಿಕ್ಸರಿನ ಮುಂದೆ ನನ್ನ ಪಕ್ಕಕ್ಕೇ ಅವನ ಕುರ್ಚಿ. ಮಿಕ್ಸರ್ ಎಂದರೆ ಎಲ್ಲ ಮೈಕುಗಳ ಧ್ವನಿ ಬಂದು ಸೇರುವ ಪೆಟ್ಟಿಗೆ. ಅದರಿಂದ ಒಂದು ವೈರು ಸಭಾಂಗಣದ ಸ್ಪೀಕರಿಗೆ, ಇನ್ನೊಂದು ಲೈವ್‌ಗೆ ಹೋಗುತ್ತಿತ್ತು. ಒಂದು ಕಡೆ ಕೇಳಿಸದ ಧ್ವನಿಯನ್ನು ಇನ್ನೊಂದು ಕಡೆ ಕೇಳಿಸಬಹುದು.

ಎರಡನೆಯ ದಿನ ಮಧ್ಯಾಹ್ನ ಕಲ್ಲೋಳಿಯ ಶಾಂತವ್ವ ಎಂಬ ಹೆಂಗಸು ವೇದಿಕೆಯ ಹತ್ತಿರ ಬಂದು, ತನ್ನ ದುಃಖವನ್ನು ಎಲ್ಲರೆದುರು ಹೇಳಲಾರೆ ಎಂದಳು. ಪ್ರಸಂಗಿ ಅವಳನ್ನು ಪಕ್ಕದ ಕೋಣೆಗೆ ಕರೆದೊಯ್ದರು. ಇತ್ತ ಹಾಡು ಶುರುವಾಯಿತು. ನಾನು ಪ್ರಸಂಗಿಯ ಕಾಲರ್ ಮೈಕಿನ ಧ್ವನಿಯನ್ನು ಸ್ಪೀಕರಿಗೆ ಹೋಗದಂತೆ ಇಳಿಸಿದೆ. ಆದರೆ ಮಿಕ್ಸರಿನಲ್ಲಿ ಆ ಮೈಕಿನ ದೀಪ ಮಿನುಗುತ್ತಲೇ ಇತ್ತು. ಸ್ವಿಚ್ ಆರಿಸಲು ಮರೆತಿದ್ದಾರೆ ಎಂದುಕೊಂಡು ಹೆಡ್‌ಫೋನ್ ಹಾಕಿಕೊಂಡೆ.

ಶಾಂತವ್ವ ಅಳುತ್ತಿದ್ದಳು. ಗಂಡ ಹೊಡೆಯುತ್ತಾನೆಂದು ಮಗಳು ಮನೆ ಬಿಟ್ಟು ಬಂದಿದ್ದಾಳೆ, ಅವನ ಅಣ್ಣತಮ್ಮಂದಿರು ಹುಡುಕುತ್ತಿದ್ದಾರೆ, ಸಿಕ್ಕರೆ ಬಿಡುವುದಿಲ್ಲ ಎನ್ನುತ್ತಿದ್ದಳು. ಪಕ್ಕಕ್ಕೆ ನೋಡಿದೆ. ಮ್ಯಾನೇಜರ್ ಆ ಮೈಕನ್ನು ಲೈವ್‌ಗೆ ಏರಿಸಿಟ್ಟಿದ್ದ. ಪರದೆಯ ಮೇಲೆ ಹಾಡುವವರ ಚಿತ್ರ, ಅದರ ಮೇಲೆ ಈ ತಾಯಿಯ ಅಳು.

ತಕ್ಷಣ ಇಳಿಸಿದೆ. ಅವನು ನನ್ನ ಕೈ ಸರಿಸಿ ಮತ್ತೆ ಏರಿಸಿದ.

"ಹಾಲ್‌ಗೆ ಕೇಳಿಸ್ತಿಲ್ವಲ್ಲ ಅಂಕಲ್. ಲೈವ್‌ಗೆ ಮಾತ್ರ. ಅಳೋದು ಕೇಳಿಸಿದ್ರೆ ಜನ ಬಿಟ್ಟು ಹೋಗಲ್ಲ" ಎಂದ, ಅಡುಗೆಗೆ ಉಪ್ಪು ಹಾಕುವ ಮಾತಾಡುವವನ ಹಾಗೆ.

ಅಷ್ಟರಲ್ಲಿ ಕಿವಿಯಲ್ಲಿ ಪ್ರಸಂಗಿಯ ಪ್ರಶ್ನೆ ಕೇಳಿಸಿತು: ಮಗಳು ಈಗ ಎಲ್ಲಿದ್ದಾಳೆ? ಶಾಂತವ್ವ ತಡವರಿಸಿದಳು. ನಾನು ಲೈವ್‌ಗೆ ಹೋಗುವ ವೈರನ್ನೇ ಕಿತ್ತು ಕಿಸೆಯಲ್ಲಿಟ್ಟುಕೊಂಡೆ.

ಹಾಡು ಮುಗಿಯುವ ಮೊದಲೇ ಪ್ರಸಂಗಿ ಕೋಣೆಯಿಂದ ಹೊರಬಂದರು. ಮರೆವಿನಿಂದ ಆದದ್ದಿರಬಹುದು ಎಂದು ಆವರೆಗೂ ಒಂದು ಮನಸ್ಸು ಹೇಳುತ್ತಿತ್ತು. ಅವರು ನೇರವಾಗಿ ಮ್ಯಾನೇಜರ್ ಬಳಿ ಬಂದು, ಧ್ವನಿ ಬರುತ್ತಿಲ್ಲ ಎಂದು ಲೈವ್ ನೋಡುವವರು ಬರೆದದ್ದನ್ನು ತಮ್ಮ ಫೋನಿನಲ್ಲಿ ತೋರಿಸಿ, "ಯಾಕೆ ಕಟ್ ಆಯ್ತು?" ಎಂದು ಕೇಳಿದರು. ಆ ಹೆಂಗಸಿನ ಕಣ್ಣೀರು ಅವರ ತೋಳಿನ ಮೇಲೆ ಇನ್ನೂ ಒದ್ದೆಯಾಗಿಯೇ ಇತ್ತು. ನಾನು ಹೆಡ್‌ಫೋನ್ ಕಳಚಿಟ್ಟು ಎದ್ದೆ.

ರೂತ್ ಮತ್ತು ನಾನು ಶಾಂತವ್ವನನ್ನು ಹೊರಗೆ ಕರೆದೊಯ್ದು ಆದದ್ದನ್ನು ಹೇಳಿದೆವು. ಅವಳು ಯಾರನ್ನೂ ಬೈಯಲಿಲ್ಲ.

"ನನ್ನ ಮಗಳು ಇರೋ ಊರಿನ ಹೆಸರು ಹೋತೇನ್ರಿ?"

"ಇಲ್ಲವ್ವಾ. ಅದಕ್ಕಿಂತ ಮೊದಲ ಬಂದ್ ಮಾಡೇನಿ. ಆದ್ರ ಮನಿ ಬಿಟ್ಟು ಬಂದಾಳಂತ ಹೇಳಿದ್ದೆಲ್ಲಾ ಹೋಗೇತಿ."

ಅವಳು ರೂತ್‌ಳನ್ನು ಹತ್ತಿರ ಎಳೆದುಕೊಂಡಳು. ಮಗಳು ಹುಕ್ಕೇರಿಯಲ್ಲಿದ್ದಾಳೆಂದು ರೂತ್‌ಳ ಕಿವಿಯಲ್ಲಿ ಹೇಳಿದಳು. ರೂತ್ ಆಗಲೇ ಹೊರಟು ಆ ಹುಡುಗಿಯನ್ನು ತನ್ನ ಮನೆಗೆ ಕರೆತಂದಳು.

ನನ್ನ ಹೇಸಿಗೆ ಅಲ್ಲಿಗೆ ಮುಗಿಯಲಿಲ್ಲ. ಸಂಜೆ ನಮ್ಮ ಸಭೆಯ ಹಿರಿಯ ಸಮುವೇಲಪ್ಪನವರಿಗೆ ಎಲ್ಲವನ್ನೂ ಹೇಳಿದೆ. ಇಪ್ಪತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತು ಪ್ರಾರ್ಥಿಸಿದವರು. ಅವರು ಚಹಾ ಕುಡಿಯುತ್ತಲೇ ಕೇಳಿಸಿಕೊಂಡು ಹೇಳಿದರು.

"ಮೂರ ಊರಿನ ಸಭಾ ಕೂಡ್ಯಾವ್ರಿ. ಒಂದ ವೈರಿನ ಸಲುವಾಗಿ ದೊಡ್ಡವರ ಹೆಸರು ಕೆಡಸಬ್ಯಾಡ್ರಿ. ನಾಳೆ ನೀವು ಮನ್ಯಾಗ ಇರ್ರಿ."

ಮೂರನೆಯ ದಿನ ಮ್ಯಾನೇಜರೇ ಮಿಕ್ಸರ್ ನಡೆಸಿದ. ಶಾಂತವ್ವನ ಅಳು ಆ ಪ್ರಸಂಗಿಯ ಇಂಟರ್ನೆಟ್ ಪುಟದಲ್ಲಿ ಹಾಗೇ ಉಳಿದಿತ್ತು. ಅಳಿಯನ ಅಣ್ಣತಮ್ಮಂದಿರು ಅದನ್ನು ಕೇಳಿ ಬೈಕುಗಳಲ್ಲಿ ಕಲ್ಲೋಳಿಗೆ ಬಂದರು. ಬಾಗಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಬೈದರು. ಶಾಂತವ್ವ ಮಗಳ ಸುಳಿವು ಬಿಡಲಿಲ್ಲ. ತೆಗೆಯಿರಿ ಎಂದು ನಾವು ಎಷ್ಟು ಕೇಳಿಕೊಂಡರೂ ಮ್ಯಾನೇಜರ್ ಜಗ್ಗಲಿಲ್ಲ. ರೂತ್ ಶಾಂತವ್ವನನ್ನು ಕರೆದುಕೊಂಡು ಪೊಲೀಸ್ ಠಾಣೆಯ ಮೆಟ್ಟಿಲ ಬಳಿ ನಿಂತು ಅವನಿಗೆ ಫೋನ್ ಮಾಡಿದ ಮೇಲೆ ತೆಗೆದ. ಕ್ಷಮೆ ಕೇಳಲಿಲ್ಲ. ಹಿರಿಯರೂ ಕೇಳಲಿಲ್ಲ. ಇಂದಿಗೂ ಸಮುವೇಲಪ್ಪನವರು ಕೈ ಚಾಚಿದರೆ ನನ್ನ ಕೈ ಮುಂದೆ ಹೋಗುವುದಿಲ್ಲ. ಇದು ತಪ್ಪೆಂದು ಬಲ್ಲವರು ಹೇಳುತ್ತಾರೆ. ಇರಬಹುದು.

ಕೆಲವು ತಿಂಗಳು ನಾನು ಮಿಕ್ಸರ್ ಮುಟ್ಟಲಿಲ್ಲ. ನಂತರ ಹುಕ್ಕೇರಿಯ ಸಭೆಯವರು ಕರೆದರು. ಅಲ್ಲಿನ ಒಂದು ಭಾನುವಾರ ಶಾಂತವ್ವ ಮಗಳೊಂದಿಗೆ ಬಂದಳು. ಮಗಳು ಹೊಲಿಗೆ ಕೆಲಸ ಹಿಡಿದಿದ್ದಳು, ಕೋರ್ಟಿನಲ್ಲಿ ಗಂಡನ ಮೇಲಿನ ಪ್ರಕರಣ ನಡೆಯುತ್ತಿತ್ತು. ಆರಾಧನೆ ಮುಗಿದ ಮೇಲೆ ಪಾಸ್ಟರ್ ಇಬ್ಬರಿಗಾಗಿ ಪ್ರಾರ್ಥಿಸಲು ಎದ್ದರು. ಶಾಂತವ್ವ ಅವರ ಅಂಗಿಯನ್ನೊಮ್ಮೆ ನೋಡಿ ನನ್ನತ್ತ ತಿರುಗಿದಳು.

"ಅದು ಬಂದ್ ಐತೇನ್ರಿ ಅಣ್ಣಾರ?"

ಬಂದ್ ಆಗಿತ್ತು. ಆದರೆ ಬಂದ್ ಐತಿ ಎಂಬ ನನ್ನ ಮಾತನ್ನು ಅವಳು ಯಾಕೆ ನಂಬಬೇಕು? ನಾನು ಎದ್ದುಹೋಗಿ ಪಾಸ್ಟರ್ ಅಂಗಿಯಿಂದ ಮೈಕ್ ಬಿಚ್ಚಿ, ಅದರ ಬ್ಯಾಟರಿ ಸೆಲ್ ತೆಗೆದು ಅವಳ ಅಂಗೈಯಲ್ಲಿಟ್ಟೆ. ಅವಳು ಮುಷ್ಟಿ ಬಿಗಿದು ಕಣ್ಣು ಮುಚ್ಚಿದಳು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಅಂದಿನಿಂದ ನಾನಿರುವ ಕಡೆ, ತಮಗಾಗಿ ಪ್ರಾರ್ಥಿಸಿ ಎಂದು ಬಂದವರ ಕೈಗೆ ಮೊದಲು ಮೈಕಿನ ಸೆಲ್ ಕೊಡುತ್ತೇನೆ.