ಅರ್ಧ ಗಂಟೆ ಮುಟ್ಟಬಾರದ ಮುಚ್ಚಳ

ಬಸ್ ನಿಲ್ದಾಣದ ಹಿಂದಿನ ಶೆಡ್ಡಿನಲ್ಲಿ ರೇಡಿಯೇಟರಿಗೆ ಬೆಸುಗೆ ಹಾಕುವವನನ್ನು ಎಲ್ಲರೂ ‘ಅರ್ಧಗಂಟೆ’ ಅಂತಲೇ ಕರೆಯುತ್ತಿದ್ದರು. ಕುದಿದು ಬಂದ ಗಾಡಿ ಮಂತ್ರಿಯದೇ ಆಗಿರಲಿ, ಅರ್ಧ ಗಂಟೆ ಆರದೆ ಅವನು ಮುಚ್ಚಳ ಮುಟ್ಟುತ್ತಿರಲಿಲ್ಲ.

ಮದುವೆಯಾದ ಹೊಸತರಲ್ಲಿ ಒಮ್ಮೆ ಧಿಮಾಕಿನಿಂದ ಬಿಸಿ ಮುಚ್ಚಳ ತಿರುಗಿಸಿದ್ದ. ಪಕ್ಕದಲ್ಲಿ ನೀರು ಹಿಡಿದು ನಿಂತಿದ್ದ ಹೆಂಡತಿಯ ಕೆನ್ನೆ ಬೆಂದು, ಎಡಗಣ್ಣು ಹೋಯಿತು. ಆಮೇಲೆ ಈ ಹದಿನೆಂಟು ವರ್ಷದಲ್ಲಿ ಅವಳು ಅಂಗಡಿಯ ಎಲ್ಲ ಕೆಲಸ ಕಲಿತಳು. ಮುಚ್ಚಳವೊಂದನ್ನು ಮಾತ್ರ ಮುಟ್ಟಲಿಲ್ಲ.

ಆ ಮಧ್ಯಾಹ್ನ ಟ್ಯಾಕ್ಸಿಯೊಂದು ಬುಸುಗುಡುತ್ತಾ ಬಂದು ನಿಂತಿತು. ಬೆಲ್ಟು ಹರಿದು, ನೀರು ತಳ್ಳುವ ಪಂಪು ನಿಂತುಹೋಗಿತ್ತು. ಡ್ರೈವರ್ ಬಾನೆಟ್ ಎತ್ತಿದ್ದೇ ಅವನ ತಾಯಿ ನೀರಿನ ಬಾಟಲಿ ಹಿಡಿದು ರೇಡಿಯೇಟರಿನ ಮೇಲೆ ಬಗ್ಗಿದಳು.

“ಬೇಗ ತೆಗಿಯಪ್ಪ, ರೈಲು ತಪ್ಪುತ್ತೆ.”

“ಹಿಂದೆ ಸರೀರಮ್ಮಾ. ಇಂಜಿನ್ ಸುತ್ತ ಓಡಿ ಕಾವು ಹೊತ್ತು ತರೋ ನೀರು ಇಲ್ಲಿ ಗಾಳಿಗೆ ಆರಿ ವಾಪಸ್ ಹೋಗಬೇಕು. ಈಗ ಆ ಓಟ ನಿಂತಿದೆ. ಮುಚ್ಚಳ ಅದುಮಿ ಹಿಡಿದಿರೋದಕ್ಕೆ ಕುದಿಯೋ ಹದ ಮೀರಿದ್ರೂ ನೀರಾಗೇ ಇದೆ. ಸಡಿಲ ಬಿಟ್ರೆ ಒಟ್ಟಿಗೇ ಹಬೆಯಾಗಿ ಮುಖಕ್ಕೆ ಎಗರುತ್ತೆ.”

“ಪಾಠ ಸಾಕು! ತೆಗೀತೀಯೋ ಇಲ್ವೋ?” ಡ್ರೈವರ್ ಜಾಕ್ ರಾಡು ಎತ್ತಿಕೊಂಡ.

ಮೊದಲ ಏಟು ಭುಜಕ್ಕೆ ಬಿತ್ತು. ಡ್ರೈವರ್ ತಾನೇ ಮುಚ್ಚಳಕ್ಕೆ ಕೈ ಚಾಚಿದ. ‘ಅರ್ಧಗಂಟೆ’ ಮುಚ್ಚಳದ ಮೇಲೆ ಬೋರಲು ಬಿದ್ದು ತಬ್ಬಿಕೊಂಡ. ಕಾದ ಕಬ್ಬಿಣಕ್ಕೆ ಅಂಗಿ ಕಮರಿತು, ಹೊಟ್ಟೆಯ ಚರ್ಮ ಚುರ್ರೆಂದಿತು. ಎರಡನೇ ಏಟಿಗೆ ಬಲಗೈ ಲಟಕ್ಕೆಂದಿತು. ಮೂರನೆಯದಕ್ಕೆ ಹಲ್ಲೊಂದು ಇಂಜಿನ್ ಸಂದಿಗೆ ಹಾರಿತು. ಮುದುಕಿ ಗರಬಡಿದು ಅಲ್ಲೇ ನಿಂತಿದ್ದಳು. ಅವಳು ಅಲ್ಲಿರುವಷ್ಟು ಹೊತ್ತು ಅವನು ಏಳುವಂತಿರಲಿಲ್ಲ.

ಹೆಂಡತಿ ಕಬ್ಬಿಣದ ಪೈಪು ಹಿಡಿದು ಬಂದವಳೇ ಡ್ರೈವರನ ಮೊಣಕಾಲಿಗೆ ಬೀಸಿದಳು. ಅವನು ಅಂಗಾತ ಬಿದ್ದ. ಎದೆ ಮೇಲೆ ಕಾಲಿಟ್ಟು ಹೇಳಿದಳು:

“ನಂಗಿರೋದು ಒಂದೇ ಕಣ್ಣು. ಗುರಿ ತಪ್ಪಿದ್ರೆ ತಲೆಗೇ ಬೀಳುತ್ತೆ. ಮಲಗಿರು.”

ಮುದುಕಿ ಅವಳ ಕೆನ್ನೆ ನೋಡಿದಳು. ದೂರ ಹೋಗಿ ಕೂತಳು.

ಅರ್ಧ ಗಂಟೆ ಕಳೆಯಿತು, ರೈಲಿನ ಹೊತ್ತೂ ದಾಟಿತು. ಬಂಪರಿಗೆ ಒರಗಿ ಕೂತಿದ್ದ ಗಂಡನ ಬಲಗೈ ಜೋತುಬಿದ್ದಿತ್ತು.

“ಆರಿದ್ಯಾ ಅಂತ ರೇಡಿಯೇಟರಿನ ರಬ್ಬರ್ ಪೈಪಿನ ಮೇಲೆ ಕೈ ಇಡೋಕಾಗುತ್ತಾ ನೋಡೇ.”

“ಆಗುತ್ತೆ.”

“ಹಾಗಾದ್ರೆ ಮುಚ್ಚಳ ನೀನೇ ತೆಗಿ. ಕಾಲು ಸುತ್ತು ತಿರುಗಿಸಿ ನಿಲ್ಲು.”

ಅವಳು ಒದ್ದೆ ಗೋಣಿ ಸುತ್ತಿ ತಿರುಗಿಸಿದಳು. ಸಣ್ಣಗೆ ಸುಯ್ಯೆಂದಿತು. ಅವಳ ಕೈ ನಿಂತೇಹೋಯಿತು. ಅವನು ಹೇಗೋ ಎದ್ದು, ರಕ್ತ ಸೋರುವ ಮುಖವನ್ನು ಅವಳಿಗೂ ಮುಚ್ಚಳಕ್ಕೂ ನಡುವೆ ತಂದಿಟ್ಟ.

“ಆಚೆ ಸರಿ, ಏನೂ ಕಾಣಿಸ್ತಿಲ್ಲ!” ಎಂದು ಗದರಿ, ಅವನನ್ನು ಹಿಂದಕ್ಕೆ ತಳ್ಳಿ, ಉಳಿದದ್ದನ್ನು ಅವಳೇ ತಿರುಗಿಸಿದಳು.