ಅಪ್ಪನ ನೀಲಿ ಕೋಟು

ಆಗೆಲ್ಲ ಬಿನ್ನಿಪೇಟೆಯಲ್ಲಿ ಗಡಿಯಾರ ನೋಡಿ ಏಳುತ್ತಿದ್ದವರು ಕಡಿಮೆ. ಮಿಲ್ಲಿನ ಸೈರನ್ ಒಮ್ಮೆ ಕೂಗಿದರೆ ಅಮ್ಮ ಒಲೆ ಹಚ್ಚುತ್ತಿದ್ದಳು, ಇನ್ನೊಮ್ಮೆ ಕೂಗಿದರೆ ನಾವು ಸ್ಕೂಲಿಗೆ ಓಡುತ್ತಿದ್ದೆವು. ಅವರೆಕಾಯಿ ಕಾಲ ಬಂತೆಂದರೆ ಇಡೀ ವಠಾರ ಅದರ ಸೊಗಡಿನಿಂದ ಘಮಘಮಿಸುತ್ತಿತ್ತು. ಸಂಜೆ ಹೆಂಗಸರೆಲ್ಲ ಜಗಲಿಯಲ್ಲಿ ಸೇರಿ ನೆನೆದ ಕಾಳು ಹಿತುಕುತ್ತಿದ್ದರು. ನಾನೂ ನಾಲ್ಕು ಕಾಳು ಹಿತುಕಿದಂತೆ ಮಾಡಿ ಕುಂಟೆಬಿಲ್ಲೆಗೆ ಓಡುತ್ತಿದ್ದೆ. ಇವಳ ಕಾಲಿಗೆ ಯಾರೋ ಚಕ್ರ ಕಟ್ಟಿದ್ದಾರೆ ಅಂತ ಅಮ್ಮನ ಬೈಗುಳ ಹಿಂದಿನಿಂದ ಬರುತ್ತಿತ್ತು. ಏಳನೇ ಕ್ಲಾಸಿನ ಆ ಚಳಿಗಾಲದಲ್ಲಂತೂ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಅದಕ್ಕೆ ಕಾರಣ ಅಪ್ಪನ ಕೋಟು.

ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಅಟೆಂಡರ್. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಫೈಲು ಹೊರುವ ಕೆಲಸ. ನಮ್ಮ ತಾತ ಮಿಲ್ಲಿನಲ್ಲಿ ಆಯುಷ್ಯವೆಲ್ಲ ಕೋಟಿನ ಬಟ್ಟೆ ನೇಯ್ದವರು, ಒಂದು ದಿನವೂ ಕೋಟು ತೊಟ್ಟವರಲ್ಲ. ರಿಟೈರ್ ಆದಾಗ ತಾವೇ ನೇಯ್ದ ಒಂದು ತುಂಡು ನೀಲಿ ಬಟ್ಟೆ ತಂದು ಅಪ್ಪನ ಕೈಗೆ ಕೊಟ್ಟರಂತೆ. ನಮ್ಮ ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲಿ ನೀಲಿ ಕೋಟು ತೊಟ್ಟವರ ಪಟ ಇದ್ದವು. ಅಪ್ಪ ಟೈಲರನ್ನು ಮನೆಗೇ ಕರೆತಂದು, ಆ ಪಟ ತೋರಿಸಿ, ಹೀಗೇ ಇರಬೇಕು ಅಂತ ಹೊಲಿಸಿದ್ದರು.

ಭಾನುವಾರ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಕಾಯಿಸಿ, ಒದ್ದೆ ಬಟ್ಟೆ ಹಾಸಿ, ಕೋಟನ್ನು ಅವರೇ ಇಸ್ತ್ರಿ ಮಾಡುತ್ತಿದ್ದರು. ಬಿಸಿ ತಗುಲಿದ ಉಣ್ಣೆಯ ವಾಸನೆಯೂ ನುಸಿಗುಳಿಗೆಯ ವಾಸನೆಯೂ ಸೇರಿ ಮನೆ ತುಂಬುತ್ತಿತ್ತು. ಅಮ್ಮ ಒಮ್ಮೆ ಇದೆಲ್ಲ ಯಾಕೆ ಎಂದು ರೇಗಿಸಿದ್ದಕ್ಕೆ ಅಪ್ಪ ನನ್ನ ಕಡೆ ತಿರುಗಿ, "ಹೆಸರು ಕೇಳೋಕ್ ಮುಂಚೆ ಜನ ಬಟ್ಟೆ ನೋಡ್ತಾರೆ ಕಣವ್ವ. ಹೆಸರು ಕೇಳಿದ್ ಮೇಲೆ ಏನೇನೋ ಕೇಳ್ತಾರೆ. ಬಟ್ಟೆ ಒಂದಾದ್ರೂ ನಮ್ ಕೈಲಿದೆ," ಅಂದಿದ್ದರು.

ಕಚೇರಿಯ ಖಾಕಿಯಲ್ಲಿ ರಸ್ತೆಯ ಅಂಚು ಹಿಡಿದು ನಡೆಯುವ ಅಪ್ಪ, ಕೋಟು ತೊಟ್ಟರೆ ನಡುರಸ್ತೆಯಲ್ಲಿ ನಡೆಯುತ್ತಿದ್ದರು. ಮಾತು ನಿಧಾನವಾಗುತ್ತಿತ್ತು. ನನ್ನ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಲು ಚಾಮರಾಜಪೇಟೆಯ ನಮ್ಮ ಸ್ಕೂಲಿಗೆ ಒಂದು ದಿನ ಕೋಟು ತೊಟ್ಟೇ ಬಂದರು. ಯಾರಿಗೂ ಸೊಪ್ಪು ಹಾಕದ ನಮ್ಮ ಪಿ.ಟಿ. ಮೇಷ್ಟ್ರು ಎದ್ದು ಕುರ್ಚಿ ಎಳೆದು, "ಬನ್ನಿ ಸಾರ್, ಕೂತ್ಕೊಳ್ಳಿ," ಅಂದರು. ಅದು ಅಷ್ಟು ದೊಡ್ಡ ವಿಷಯ ಎಂದು ನನಗಾಗ ಹೊಳೆಯಲಿಲ್ಲ.

ಬಿಡುವಿನಲ್ಲಿ ಉಪ್ಪು ಖಾರ ಹಚ್ಚಿದ ನೆಲ್ಲಿಕಾಯಿ ಕಚ್ಚುತ್ತಾ ನನ್ನ ಬೆಂಚಿನ ಶೈಲಜಾ ಕೇಳಿದಳು, "ನಿಮ್ಮಪ್ಪ ಬ್ಯಾಂಡ್ ಸೆಟ್ಟಲ್ಲಿ ಏನ್ ಊದ್ತಾರೆ?"

ಅವಳು ಕುಹಕದಿಂದ ಕೇಳಿದ್ದಲ್ಲ. ನಮ್ಮ ಕಡೆಯ ಬೀದಿಗಳಲ್ಲಿ ಉರಿಬಿಸಿಲಲ್ಲೂ ಕೋಟು ಹಾಕುತ್ತಿದ್ದವರು ಛತ್ರದ ಮುಂದೆ ನಿಂತು ಊದುವ ಮದುವೆ ಬ್ಯಾಂಡಿನವರು ಮಾತ್ರ. ಆದರೆ ಸುತ್ತಲಿದ್ದವರೆಲ್ಲ ನಕ್ಕುಬಿಟ್ಟರು. ಅಟೆಂಡರ್ ಎನ್ನಲು ನಾಲಿಗೆ ಬರಲಿಲ್ಲ. ಟ್ರಂಪೆಟ್ ಎಂದುಬಿಟ್ಟೆ. ಅವತ್ತಿನಿಂದ ನಾನು ಹೋದಲ್ಲೆಲ್ಲ ಹುಡುಗಿಯರು ಕೆನ್ನೆ ಉಬ್ಬಿಸತೊಡಗಿದರು.

ಅಷ್ಟರಲ್ಲಿ ಸ್ಕೂಲ್ ಡೇ ಬಂತು. ಕಂಠಪಾಠದಲ್ಲಿ ನನಗೆ ಮೊದಲ ಬಹುಮಾನ. ಅಪ್ಪ ಅರ್ಧ ದಿನ ರಜೆ ಹಾಕಿ, ಕೋಟನ್ನು ಎರಡು ದಿನ ಮೊದಲೇ ಬಿಸಿಲಿಗೆ ಹಾಕಿದರು. ತಂತಿಯ ಮೇಲೆ ತೋಳು ಚಾಚಿಕೊಂಡು ನೇತಾಡುತ್ತಿದ್ದ ಅದನ್ನು ಕಂಡಾಗೆಲ್ಲ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಊಟ ಸೇರಲಿಲ್ಲ. ಹಿತುಕಿದ ಬೇಳೆ ಸಾರನ್ನು ಬಿಟ್ಟು ಎದ್ದದ್ದು ಕಂಡು ಅಮ್ಮ ಹಣೆ ಮುಟ್ಟಿ ನೋಡಿದಳು. ಒಳಗೆ ಹೋಗುವುದು, ಹೊರಗೆ ಬರುವುದು, ಮತ್ತೆ ಒಳಗೆ. ಕೊನೆಗೆ ಸ್ಕೂಲ್ ಡೇ ದಿನ ಬೆಳಿಗ್ಗೆ ಅಪ್ಪ ಶೇವ್ ಮಾಡಿಕೊಳ್ಳುವಾಗ ಹಿಂದೆ ಹೋಗಿ ನಿಂತೆ.

"ಅಪ್ಪಾ, ಇವತ್ತು ಕೋಟು ಬೇಡ."

"ಯಾಕವ್ವ?"

"ಸೆಕೆ ಆಗತ್ತೆ."

ಡಿಸೆಂಬರ್ ತಿಂಗಳು. ನಾನೇ ಸ್ವೆಟರ್ ಹಾಕಿಕೊಂಡು ನಡುಗುತ್ತಿದ್ದೆ. ಅಪ್ಪ ಕನ್ನಡಿಯಲ್ಲೇ ನನ್ನನ್ನು ನೋಡಿದರು. ಆಮೇಲೆ ಕೆನ್ನೆಯ ನೊರೆ ಒರೆಸಿಕೊಳ್ಳುತ್ತಾ, "ಹೌದಲ್ವಾ, ಸೆಕೆ," ಅಂದರು.

ಸಂಜೆ ವೇದಿಕೆಯ ಪಕ್ಕ ಬಹುಮಾನದ ಸಾಲಿನಲ್ಲಿ ನಿಂತಿದ್ದೆ. ಗೇಟಿನಲ್ಲಿ ಅಪ್ಪ ಬಿಳಿ ಅಂಗಿ ತೊಟ್ಟು ಬರುವುದು ಕಂಡು ಜೀವ ತಣ್ಣಗಾಯಿತು. ಕೂರಲು ಜಾಗ ಹುಡುಕುತ್ತಾ ಅವರು ಅಂಚಿನಲ್ಲೇ ನಡೆದು ಬಂದರು. ಅಷ್ಟರಲ್ಲಿ ಪಿ.ಟಿ. ಮೇಷ್ಟ್ರು ಎಲ್ಲಿಂದಲೋ ಓಡಿ ಬಂದು ಅವರ ಭುಜ ತಟ್ಟಿದರು.

"ಏಯ್, ಬಾರಪ್ಪ ಇಲ್ಲಿ. ಆ ಕುರ್ಚಿಗಳನ್ನೆಲ್ಲ ಮುಂದಕ್ ತಂದ್ ಹಾಕು."

ಅಪ್ಪ ಒಂದು ಗಳಿಗೆ ನಿಂತರು. 'ನಾನು ಇವಳಪ್ಪ' ಅಂತ ಹೇಳುತ್ತಾರೆ ಅಂದುಕೊಂಡೆ. ಹೇಳಲಿಲ್ಲ. ನನ್ನ ಕಡೆ ನೋಡಿದರು, ಅಂಗಿಯ ತೋಳು ಮಡಚಿದರು, ಕುರ್ಚಿ ಎತ್ತಿದರು. ನಾನು ಓಡಿ ಹೋಗಬೇಕಿತ್ತು. ಸದಾ ಓಡುವ ನನ್ನ ಕಾಲು ಅವತ್ತು ನೆಲ ಕಚ್ಚಿಕೊಂಡಿತ್ತು. ನನ್ನ ಹೆಸರು ಕರೆದಾಗ ಅವರು ಎರಡೂ ಕೈಯಲ್ಲಿ ಕುರ್ಚಿ ಹಿಡಿದು ನಿಂತಿದ್ದರು. ಅದನ್ನು ಕೆಳಗಿಟ್ಟು ಚಪ್ಪಾಳೆ ಹೊಡೆದರು. ಕುರ್ಚಿಗಳೆಲ್ಲ ತುಂಬಿದ ಮೇಲೆ ಅವರಿಗೊಂದು ಉಳಿಯಲಿಲ್ಲ. ಕಾರ್ಯಕ್ರಮ ಮುಗಿಯುವತನಕ ಹಿಂದೆ ಗೋಡೆಗೊರಗಿ ನಿಂತರು.

ಮನೆಗೆ ನಡೆಯುವಾಗ ಚಳಿಗೆ ಕೈ ಉಜ್ಜಿಕೊಳ್ಳುತ್ತಾ, ಬಹುಮಾನ ಏನು ಕೊಟ್ಟರು ಎಂದಷ್ಟೇ ಕೇಳಿದರು. ಸ್ಟೀಲ್ ಲೋಟ ಕೊಟ್ಟೆ. ದಾರಿಯುದ್ದಕ್ಕೂ ಅದನ್ನು ಅಂಗಿಯ ತುದಿಯಲ್ಲಿ ಒರೆಸುತ್ತಲೇ ಬಂದರು. ಕೋಟನ್ನು ಆಮೇಲೆ ಬೇರೆ ಕಡೆಗೆಲ್ಲ ತೊಟ್ಟರು, ನನ್ನ ಸ್ಕೂಲಿಗೆ ತೊಡಲಿಲ್ಲ.

ನನ್ನ ಮದುವೆಯ ದಿನ ಅದನ್ನು ನಾನೇ ಇಸ್ತ್ರಿ ಮಾಡಿ ಅವರ ಮುಂದೆ ಹಿಡಿದೆ. ಗಂಡಿನ ಕಡೆಯವರ ಎದುರು ಅವರು ಅದರಲ್ಲೇ ನಿಲ್ಲಬೇಕೆಂಬ ಆಸೆ ನನಗೆ. ಅಪ್ಪ ಕೋಟಿನ ತೋಳನ್ನು ಒಮ್ಮೆ ಸವರಿ, "ಬೇಡ ಕಣವ್ವ, ಸೆಕೆ," ಅಂದರು. ಮೇ ತಿಂಗಳು, ಸೆಕೆ ಇದ್ದದ್ದು ನಿಜ. ಅದಕ್ಕೇ ಅಂದರೋ, ಆ ಬೆಳಿಗ್ಗೆಯನ್ನು ನೆನೆದು ಅಂದರೋ, ಕೇಳುವ ಧೈರ್ಯ ನನಗಾಗಲಿಲ್ಲ.

ಈಗ ಕೇಳೋಣವೆಂದರೆ ಅಪ್ಪ ಇಲ್ಲ. ಸೈರನ್ ಕೂಗುತ್ತಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟುಗಳಿವೆ. ಮಂಡಿ ಹರಿದ ಜೀನ್ಸ್ ತೊಟ್ಟ ಮಕ್ಕಳು ಅಲ್ಲಿ ನಡುರಸ್ತೆಯಲ್ಲೇ ನಗುತ್ತಾ ನಡೆಯುತ್ತಾರೆ. ನೋಡಿದರೆ ಖುಷಿಯಾಗುತ್ತದೆ, ಒಳಗೆಲ್ಲೋ ಸಂಕಟವೂ ಆಗುತ್ತದೆ. ನಾನು ಮಾತ್ರ ತರಕಾರಿ ತರಲು ಹೋಗುವಾಗಲೂ ಸೀರೆಗೆ ಇಸ್ತ್ರಿ ಹಾಕುತ್ತೇನೆ. ಪ್ರತಿ ಡಿಸೆಂಬರಿನಲ್ಲಿ ಬೀರುವಿನಿಂದ ಆ ಕೋಟು ತೆಗೆದು ತಂತಿಯ ಮೇಲೆ ಬಿಸಿಲಿಗೆ ಹಾಕುತ್ತೇನೆ. ತಾತ ನೇಯ್ದು, ಅಪ್ಪ ತೊಟ್ಟು, ನಾನು ಬಿಚ್ಚಿಸಿದ ಕೋಟು.