ಅಕ್ಕ ಕೇಳಿದ ಮುಳುಗುವ ತುದಿ

ಅಂಕೋಲೆಗೆ ಹೋಗುವ ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಮನಸ್ಸು ಇನ್ನೂ ಬೈತಖೋಲದ ಕಡಲಂಚಿನ ಬಂಡೆಯ ಮೇಲಿದೆ. ಹಬ್ಬುವಾಡದಲ್ಲಿರುವ ಅಕ್ಕನಿಗೆ ಎದೆಯ ಶಸ್ತ್ರಚಿಕಿತ್ಸೆ ಆದಮೇಲೆ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಆದರೂ ಬೆಳಿಗ್ಗೆ ಮೀನು ಹಿಡಿಯುವ ನನ್ನ ಫ್ಲೈ ರಾಡ್ ನೋಡಿ, ತಾನೂ ಬೀಸುತ್ತೇನೆಂದು ಹೊರಟಳು.

ಈ ಗಾಳದಲ್ಲಿ ಗರಿ ಕಟ್ಟಿದ ಕೊಕ್ಕೆಗೆ ಭಾರವಿಲ್ಲ. ದಾರದ ಭಾರವೇ ಅದನ್ನು ಒಯ್ಯಬೇಕು. ದಾರದ ಮುಂದಿನ ತುದಿಯನ್ನು ಬೇಕಾದಂತೆ, ತೇಲುವುದಕ್ಕೋ ಮುಳುಗುವುದಕ್ಕೋ, ಬದಲಿಸಬಹುದು. ನಾನು ತೇಲುವ ಹಗುರ ತುದಿ ಹಾಕಿಕೊಟ್ಟೆ. ಒಂದು ಮೀನೂ ಮುಟ್ಟಲಿಲ್ಲ. ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು. ನಾನು ನೀರನ್ನು ನೋಡುವುದು ಬಿಟ್ಟು ಅವಳ ಭುಜವನ್ನೇ ನೋಡುತ್ತಿದ್ದೆ.

“ಮೀನೆಲ್ಲ ತಳಕ್ಕೆ ಇಳ್ದಿರ್ಬೇಕು. ಆ ಮುಳುಗೂದನ್ನ ಹಾಕು,” ಎಂದಳು.

“ಅದು ಭಾರ ಅಕ್ಕಾ. ನೀರಿಂದ ಎತ್ತುವಾಗ ಕೈ ಎಳೀತದೆ.”

“ಎಳೀಲಿ ತಮ್ಮಾ. ಎಲ್ರೂ ನಂಗೆ ಹಗುರದ್ದೇ ಕೊಡ್ತೀರಿ. ಮನೇಲಿ ಕೊಡಪಾನ ಎತ್ತೂಕೂ ಬಿಡೂದಿಲ್ಲ.”

ತುದಿ ಬದಲಿಸಿ ಕೊಟ್ಟೆ. ಅವಳು ಹಲ್ಲು ಕಚ್ಚಿ ಬೀಸಿದಳು. ದಾರ ಮುಳುಗಿತು. ಕಾದೆವು. ಒಮ್ಮೆಲೇ ರಾಡ್ ಬಾಗಿದ್ದು ಕಂಡು ಹಿಡಿಯಲು ಕೈ ಚಾಚಿದೆ.

“ಮುಟ್ಬೇಡ,” ಎಂದಳು.

ಮೀನನ್ನು ತಡೆಯಲು ರಾಡ್ ಮೇಲೆತ್ತಲೇಬೇಕಿತ್ತು. ಅವಳ ಬಲಗೈ ಭುಜ ದಾಟಿತು, ಕಿವಿ ದಾಟಿತು. ಕಣ್ಣಲ್ಲಿ ನೀರಿತ್ತು. ಮೀನು ಬಂಡೆಯ ಹತ್ತಿರ ಬಂದು ಒಮ್ಮೆ ಹೊಳೆದು, ಕೊಕ್ಕೆ ಕಳಚಿಕೊಂಡು ಹೋಯಿತು. ನಾನು ಅಯ್ಯೋ ಎಂದೆ. ಅಕ್ಕ ಎತ್ತಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ.

“ನಿಂಗೆ ಬಸ್ಸು ತಪ್ತದೆ, ಹೋಗು,” ಎಂದಳು. “ರಾಡ್ ಇಲ್ಲೇ ಇರ್ಲಿ.”